ಶನಿವಾರ ಗೋಡೆಗೆ, ಭಾನುವಾರ ಬಣ್ಣಕ್ಕೆ

ಪ್ರಶ್ನೆ: ನಮ್ಮದು ಮೈಸೂರಿನಲ್ಲಿ ಎರಡು ಬೆಡ್‌ರೂಮಿನ ಮನೆ. 1996ರಲ್ಲಿ ಅಪ್ಪ ಕಟ್ಟಿಸಿದ್ದು. ಒಳಗೆ ಬಣ್ಣ ಹೊಡೆಸಿ ಏಳು ವರ್ಷ ಆಯ್ತು. ದೀಪಾವಳಿಗೆ ಮೊದಲು ಒಂದು ಶನಿವಾರ, ಭಾನುವಾರ ನಾನು, ನನ್ನ ಹೆಂಡತಿ ಸೇರಿ ಇಡೀ ಮನೆಗೆ ನಾವೇ ಬಣ್ಣ ಹೊಡೆಯಬೇಕು ಅಂತಿದ್ದೇವೆ. ಬಾತ್‌ರೂಮಿಗೆ ಅಂಟಿಕೊಂಡ ಬೆಡ್‌ರೂಮ್ ಗೋಡೆಯಲ್ಲಿ ಮೊಣಕಾಲೆತ್ತರದವರೆಗೆ ಬಣ್ಣ ಹಕ್ಕಳೆ ಎದ್ದಿದೆ. ಎಷ್ಟು ಬಣ್ಣ ಬೇಕು, ಎಲ್ಲಿಂದ ಶುರು ಮಾಡಬೇಕು? ಮನೆಯಲ್ಲಿ ಮೂರು ವರ್ಷದ ಮಗಳಿದ್ದಾಳೆ.

ಉತ್ತರ: ನೀವಿಬ್ಬರೇ ಮಾಡಬೇಕು ಅಂತ ಹೊರಟಿದ್ದೀರಲ್ಲ, ತುಂಬಾ ಸಂತೋಷ. ಗೋಡೆಗೆ ಬಣ್ಣ ಹೊಡೆಯುವುದು ಮನೆಯವರು ಕಲಿಯಲಾಗದ ಕೆಲಸ ಅಲ್ಲ. ಇಪ್ಪತ್ತೈದು ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ನಾನು ಧೈರ್ಯವಾಗಿ ಈ ಮಾತು ಹೇಳುತ್ತೇನೆ. ಆದರೆ ಒಂದು ವಿಷಯ ಮೊದಲೇ ತಿಳಿಸಿಬಿಡುತ್ತೇನೆ. ಎರಡು ದಿನದಲ್ಲಿ ಇಡೀ ಮನೆ ಆಗುವುದಿಲ್ಲ. ಒಂದು ಕೋಣೆ ಆಗುತ್ತದೆ. ಆ ಎರಡು ದಿನದಲ್ಲೂ ಒಂದು ದಿನ ಪೂರ್ತಿ ಬಣ್ಣದ ಡಬ್ಬ ಮುಚ್ಚಿಯೇ ಇರಬೇಕು.

ಲೆಕ್ಕ ನೋಡಿ. ನಿಮ್ಮ ಮನೆಯ ಒಳಗಿನ ನೆಲ 900 ಚದರ ಅಡಿ ಅಂದುಕೊಳ್ಳೋಣ. ಗೋಡೆ, ಸೀಲಿಂಗ್ ಎರಡೂ ಸೇರಿದರೆ ಬಣ್ಣ ಹೊಡೆಯುವ ಜಾಗ ಅದರ ಮೂರೂವರೆ ಪಟ್ಟು ಅಂತ ಪೇಂಟರ್‌ಗಳ ಅಂದಾಜು. ಚಿಕ್ಕ ಚಿಕ್ಕ ಕೋಣೆಗಳಿದ್ದರೆ ಇನ್ನೂ ಜಾಸ್ತಿ. ಅಂದರೆ 3,000 ಚದರ ಅಡಿಗೂ ಮೇಲಾಯಿತು. ಎರಡು ಕೋಟ್ ಅಂದರೆ 6,000 ದಾಟಿತು. ಅದಕ್ಕೆ ಮೊದಲು ಅಷ್ಟನ್ನೂ ಉಜ್ಜಬೇಕು, ಒರೆಸಬೇಕು, ಮೊಳೆ ತೂತು ಮುಚ್ಚಬೇಕು, ಬೀರು ಮಂಚ ಸರಿಸಬೇಕು. ಇಬ್ಬರು ಎರಡು ದಿನದಲ್ಲಿ ಇದನ್ನು ಮುಗಿಸಲು ಹೋದರೆ ಉಜ್ಜುವುದನ್ನು ಬಿಡುತ್ತಾರೆ, ಒಣಗುವುದಕ್ಕೆ ಕಾಯುವುದಿಲ್ಲ. ಹೊಸ ಬಣ್ಣ ಆರೇ ತಿಂಗಳಲ್ಲಿ ಏಳುವುದು ಇಂಥ ಮನೆಗಳಲ್ಲೇ.

ಹಾಗಾಗಿ ದೀಪಾವಳಿಗೆ ಒಂದೇ ಕೋಣೆ ಇಟ್ಟುಕೊಳ್ಳಿ. ಬಾತ್‌ರೂಮ್ ಪಕ್ಕದ ಬೆಡ್‌ರೂಮ್ ಬೇಡ, ಇನ್ನೊಂದು ಬೆಡ್‌ರೂಮ್ ತೆಗೆದುಕೊಳ್ಳಿ. ಹಾಲ್‌ಗೂ ಮೊದಲೇ ಕೈ ಹಾಕಬೇಡಿ. ಹಾಲ್ ದೊಡ್ಡದು, ಬಂದವರ ಕಣ್ಣಿಗೆ ಬೀಳುವ ಜಾಗ. ಕೈ ಪಳಗಿದ ಮೇಲೆ ಅಲ್ಲಿಗೆ ಹೋಗುವುದು ಒಳ್ಳೆಯದು.

ಮೊದಲು ಆ ಹಕ್ಕಳೆ ಎದ್ದ ಗೋಡೆಯ ಮಾತು ಮುಗಿಸುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಅದೇ.

ನಾನು ಚಿಕ್ಕವನಿದ್ದಾಗ ಯುಗಾದಿ ಹತ್ತಿರ ಬಂತೆಂದರೆ ಊರಿನ ಮನೆಗಳಲ್ಲಿ ಸುಣ್ಣ ಬಳಿಯುತ್ತಿದ್ದರು. ಹಿಂದಿನ ದಿನವೇ ಡ್ರಮ್ಮಿನಲ್ಲಿ ಸುಣ್ಣದ ಕಲ್ಲು ಹಾಕಿ ನೀರು ಸುರಿದರೆ ಕೊತಕೊತ ಕುದಿಯುತ್ತಿತ್ತು. ಮಾರನೇ ದಿನ ಚೂರು ನೀಲಿ ಬೆರೆಸಿ ಬಳಿದರೆ ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಆ ಸುಣ್ಣಕ್ಕೆ ಒಂದು ಗುಣ ಇತ್ತು. ಗೋಡೆಯಲ್ಲಿ ತೇವ ಇದ್ದರೆ ಅದು ಸುಣ್ಣದ ಮೂಲಕವೇ ಹೊರಗೆ ಹೋಗಿ ಆರುತ್ತಿತ್ತು. ಇವತ್ತಿನ ಎಮಲ್ಷನ್, ಅಂದರೆ ನೀರು ಬೆರೆಸಿ ಹೊಡೆಯುವ ಗೋಡೆ ಬಣ್ಣ, ಹಾಗಲ್ಲ. ಅದು ಒಣಗಿದರೆ ಗೋಡೆಯ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಪೊರೆಯಂತೆ ಕೂರುತ್ತದೆ. ಹಿಂದಿನಿಂದ ಬರುವ ನೀರು ಸುಲಭವಾಗಿ ಹೊರಗೆ ಹೋಗಲಾರದೆ ಆ ಪೊರೆಯನ್ನೇ ಎತ್ತುತ್ತದೆ. ಮೊದಲು ಗುಳ್ಳೆ, ಆಮೇಲೆ ಹಕ್ಕಳೆ. ನೀರಿನ ಜೊತೆ ಇಟ್ಟಿಗೆ, ಸಿಮೆಂಟಿನೊಳಗಿನ ಉಪ್ಪೂ ಬಂದು ಬಿಳಿ ಪುಡಿಯಾಗಿ ಅರಳುತ್ತದೆ. ಅದರ ಮೇಲೆ ಎಷ್ಟು ದುಬಾರಿ ಬಣ್ಣ ಹೊಡೆದರೂ ನಿಲ್ಲುವುದಿಲ್ಲ.

ಇದನ್ನು ನಾನು ಕಲಿತದ್ದು ಮಲೆನಾಡಿನ ಒಂದು ಮನೆಯಲ್ಲಿ. ಮಗಳ ಮದುವೆ ಹತ್ತಿರ ಇದೆ, ಹೇಗಾದರೂ ಮಾಡಿಕೊಡಿ ಅಂತ ಮನೆಯವರು ಕೇಳಿಕೊಂಡರು. ಒದ್ದೆ ಗೋಡೆ ಅಂತ ಗೊತ್ತಿದ್ದೂ ಪುಟ್ಟಿ (ತೂತು, ತಗ್ಗು ತುಂಬುವ ಮುದ್ದೆ), ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ತಳದ ಕೋಟ್), ಒಳ್ಳೆಯ ಎಮಲ್ಷನ್ ಎಲ್ಲ ಹಾಕಿ ಕೊಟ್ಟೆ. ಮದುವೆಯಲ್ಲಿ ಗೋಡೆ ಚೆನ್ನಾಗಿಯೇ ಕಂಡಿತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪುಟ್ಟಿ ಸಮೇತ ಹಪ್ಪಳದಂತೆ ಎದ್ದು ಬಂತು. ನನ್ನ ಖರ್ಚಿನಲ್ಲೇ ಮತ್ತೆ ಮಾಡಿಕೊಟ್ಟೆ. ಅವತ್ತಿನಿಂದ ಒದ್ದೆ ಗೋಡೆಗೆ ಬಣ್ಣ ಹೊಡೆಯಿರಿ ಅಂತ ಯಾರು ಕೇಳಿದರೂ ಒಪ್ಪುವುದಿಲ್ಲ.

ಈ ವಾರ ಆ ಗೋಡೆಗೆ ನೀವು ಮಾಡಬೇಕಾದ್ದು ಇಷ್ಟೇ. ಎದ್ದ ಬಣ್ಣವನ್ನೆಲ್ಲ ಸ್ಕ್ರೇಪರ್‌ನಿಂದ ಕೆರೆದು ಪ್ಲಾಸ್ಟರ್ ಕಾಣುವ ಹಾಗೆ ಬಿಡಿ. ಬಿಳಿ ಪುಡಿ ಇದ್ದರೆ ಒಣ ಬ್ರಷ್‌ನಿಂದ ತೆಗೆಯಿರಿ. ನೀರು ಹಾಕಿ ತೊಳೆದರೆ ಆ ಉಪ್ಪು ಕರಗಿ ಮತ್ತೆ ಗೋಡೆಯೊಳಗೆ ಹೋಗುತ್ತದೆ. ಆಮೇಲೆ ಪ್ಲಂಬರ್ ಕರೆಸಿ ಬಾತ್‌ರೂಮಿನ ಟೈಲ್ಸ್ ಸಂದು, ನೀರು ಹೋಗುವ ಜಾಲರಿಯ ಸುತ್ತ, ಗೋಡೆಯೊಳಗಿನ ಪೈಪು, ಮೂರನ್ನೂ ನೋಡಿಸಿ. ಹೆಚ್ಚಿನ ಮನೆಗಳಲ್ಲಿ ತೊಂದರೆ ಈ ಮೂರರಲ್ಲಿ ಒಂದು ಕಡೆ ಇರುತ್ತದೆ. ಸರಿ ಮಾಡಿಸಿದ ಮೇಲೂ ಗೋಡೆ ಒಣಗಲು ವಾರಗಟ್ಟಲೆ ಬೇಕು. ದೀಪಾವಳಿಯ ಹೊತ್ತಿಗೆ ಮೈಸೂರು ಕಡೆ ಹಿಂಗಾರು ಮಳೆಯೂ ಇರುತ್ತದೆ, ಇನ್ನೂ ತಡವಾಗಬಹುದು. ಹಬ್ಬಕ್ಕೆ ಅದರ ಮುಂದೆ ಒಂದು ಬೀರು ಅಡ್ಡ ಇಟ್ಟರೆ ತಪ್ಪೇನಿಲ್ಲ. ಗೋಡೆಗೂ ಬೀರುವಿಗೂ ನಡುವೆ ಗಾಳಿಯಾಡಲು ಅರ್ಧ ಅಡಿ ಬಿಡಿ, ಸಾಕು.

ಈಗ ನಿಮ್ಮ ಕೋಣೆಗೆ ಬರೋಣ. 10 ಅಡಿಗೆ 11 ಅಡಿ, ಎತ್ತರ 10 ಅಡಿ ಅಂತ ಇಟ್ಟುಕೊಳ್ಳಿ. ನಾಲ್ಕೂ ಗೋಡೆಯ ಉದ್ದ ಕೂಡಿದರೆ 42 ಅಡಿ. ಎತ್ತರದಿಂದ ಗುಣಿಸಿದರೆ 420 ಚದರ ಅಡಿ. ಬಾಗಿಲು 21, ಕಿಟಕಿ 16 ಕಳೆದರೆ 383. ಒಂದು ಲೀಟರ್ ಎಮಲ್ಷನ್ ಎರಡು ಕೋಟ್‌ಗೆ ಸುಮಾರು 60ರಿಂದ 70 ಚದರ ಅಡಿ ಬರುತ್ತದೆ. ಗೋಡೆಗೆ 6 ಲೀಟರ್ ಬೇಕಾಯಿತು. ಸೀಲಿಂಗ್ 110 ಚದರ ಅಡಿ, ಅದಕ್ಕೆ ಬಿಳಿ ಬಣ್ಣ 2 ಲೀಟರ್. ಅಂಗಡಿಯಲ್ಲಿ ಯಂತ್ರದಿಂದ ಬಣ್ಣ ಬೆರೆಸಿ ಕೊಡುವ ಡಬ್ಬಗಳಲ್ಲಿ ಎಷ್ಟೋ ಸಲ 1 ಲೀಟರ್ ಅಂದರೆ 900 ಮಿಲಿ, 4 ಲೀಟರ್ ಅಂದರೆ 3.6 ಲೀಟರ್ ಇರುತ್ತದೆ. ಮೇಲೆ ಬರೆದಿದ್ದು ಓದಿ ಲೆಕ್ಕ ಹಾಕಿ. ಬೇಕಾದಷ್ಟನ್ನೂ ಒಂದೇ ಸಲ ತನ್ನಿ. ಗೋಡೆಯ ಬಣ್ಣ ಎಷ್ಟು ಡಬ್ಬ ಇದ್ದರೂ ಎಲ್ಲವನ್ನೂ ಒಂದು ದೊಡ್ಡ ಬಕೆಟ್‌ಗೆ ಸುರಿದು ಕಲಸಿಕೊಳ್ಳಿ. ಒಂದೇ ಶೇಡ್ ನಂಬರ್ ಆದರೂ ಡಬ್ಬದಿಂದ ಡಬ್ಬಕ್ಕೆ ಕೂದಲೆಳೆಯಷ್ಟು ವ್ಯತ್ಯಾಸ ಇರಬಹುದು. ಗೋಡೆಯ ಮಧ್ಯದಲ್ಲಿ ಡಬ್ಬ ಬದಲಾದರೆ ಅದು ಎದ್ದು ಕಾಣುತ್ತದೆ.

ಯಾವ ಬಣ್ಣ ಅನ್ನುವುದು ನಿಮ್ಮ ಇಷ್ಟ. ಒಂದು ಮಾತ್ರ ಹೇಳುತ್ತೇನೆ. ಶೇಡ್ ಕಾರ್ಡಿನ ಚಿಕ್ಕ ಚೌಕ ನೋಡಿ ತೀರ್ಮಾನ ಮಾಡಬೇಡಿ. ಚಿಕ್ಕ ಡಬ್ಬ ತಂದು ಎರಡಡಿ ಚೌಕ ಬಳಿದು, ಬೆಳಗಿನ ಬೆಳಕಿನಲ್ಲೂ ರಾತ್ರಿ ಲೈಟ್ ಹಾಕಿದಾಗಲೂ ನೋಡಿ. ಕಾರ್ಡಿನಲ್ಲಿ ತಿಳಿಯಾಗಿ ಕಂಡದ್ದು ನಾಲ್ಕು ಗೋಡೆಗೆ ಬಂದಾಗ ಒಂದು ಪಟ್ಟು ಗಾಢವಾಗಿ ಕಾಣುತ್ತದೆ. ಇನ್ನು ಹೊಳಪಿನ ಫಿನಿಶ್ ತೊಳೆಯಲು ಸುಲಭ, ಆದರೆ ಗೋಡೆಯ ಒಂದೊಂದು ಏರು ತಗ್ಗನ್ನೂ ತೋರಿಸಿಬಿಡುತ್ತದೆ. 1996ರ ಕೈ ಪ್ಲಾಸ್ಟರ್ ಗೋಡೆಗೆ, ಮಗು ಇರುವ ಮನೆಗೆ, ತೊಳೆಯಬಹುದಾದ ಮ್ಯಾಟ್ ಫಿನಿಶ್ ಎಮಲ್ಷನ್ ಸರಿಯಾದದ್ದು.

ಶುಕ್ರವಾರ ಸಂಜೆಯೇ ಕೋಣೆ ಖಾಲಿ ಮಾಡಿ. ಆಗದ್ದನ್ನು ನಡುವೆ ಎಳೆದು ಹಳೆ ಬೆಡ್‌ಶೀಟ್ ಮುಚ್ಚಿ. ನೆಲಕ್ಕೆ ಪೇಪರ್ ಹಾಸಬೇಡಿ. ಅದು ನೆನೆಯುತ್ತದೆ, ಕಾಲಿಗೆ ಅಂಟಿಕೊಂಡು ಜಾರಿಸುತ್ತದೆ. ದಪ್ಪ ಬಟ್ಟೆ ಅಥವಾ ಟಾರ್ಪಾಲ್ ಹಾಸಿ. ನಿಮ್ಮಲ್ಲಿ ಹಳೆಯ ರೆಡ್ ಆಕ್ಸೈಡ್ ನೆಲ ಇದ್ದರೆ ಇನ್ನೂ ಜೋಪಾನ. ಬಿದ್ದ ಹನಿಯನ್ನು ಆ ಕ್ಷಣವೇ ಒದ್ದೆ ಬಟ್ಟೆಯಿಂದ ಒರೆಸಬೇಕು, ಇಲ್ಲವಾದರೆ ಕಲೆ ಉಳಿಯುತ್ತದೆ. ಫ್ಯಾನು, ಸ್ವಿಚ್ ಬೋರ್ಡ್ ಹತ್ತಿರ ಕೆಲಸ ಮಾಡುವಾಗ ಆ ಕೋಣೆಯ ಎಂಸಿಬಿ (ಮೇನ್ ಬೋರ್ಡಿನಲ್ಲಿ ಕರೆಂಟ್ ಕಡಿಯುವ ಸ್ವಿಚ್) ಇಳಿಸಿಯೇ ಇಳಿಸಬೇಕು.

ಶನಿವಾರ ಬೆಳಿಗ್ಗೆ ಮೊದಲ ಕೆಲಸ ಗೋಡೆಯನ್ನು ಓದುವುದು. ಅಂಗೈಯಿಂದ ಗೋಡೆ ಸವರಿ. ಕೈಗೆ ಬಿಳಿ ಪುಡಿ ಹತ್ತಿದರೆ ಅದು ಸುಣ್ಣ ಅಥವಾ ಹಳೆ ಡಿಸ್ಟೆಂಪರ್ (ಅಗ್ಗದ, ಪುಡಿ ಏಳುವ ಗೋಡೆ ಬಣ್ಣ). ಪುಡಿಯ ಮೇಲೆ ಎಮಲ್ಷನ್ ಹೊಡೆದರೆ ಬಣ್ಣ ಪುಡಿಗೆ ಅಂಟುತ್ತದೆ, ಗೋಡೆಗಲ್ಲ. ಕೆರೆದು, ಒದ್ದೆ ಸ್ಪಂಜಿನಿಂದ ಪೂರ್ತಿ ತೆಗೆಯಲೇಬೇಕು. ಪುಡಿ ಬರಲಿಲ್ಲ ಅಂದರೆ ಇನ್ನೊಂದು ಪರೀಕ್ಷೆ. ಬ್ಲೇಡಿನಿಂದ ಎರಡು ಗೀರು ಅಡ್ಡಡ್ಡ ಎಳೆದು, ಗಟ್ಟಿ ಟೇಪ್ ಒತ್ತಿ ಹಚ್ಚಿ, ಸರಕ್ಕನೆ ಎಳೆಯಿರಿ. ಟೇಪ್ ಜೊತೆ ಬಣ್ಣ ಬರಲಿಲ್ಲ ಅಂದರೆ ಹಳೆ ಬಣ್ಣ ಗಟ್ಟಿಯಾಗಿದೆ, ಅದರ ಮೇಲೆ ನೆಮ್ಮದಿಯಿಂದ ಹೊಸದು ಹೊಡೆಯಬಹುದು. ಆಮೇಲೆ ಕಿಟಕಿ ಮುಚ್ಚಿ, ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ಗೋಡೆಗೆ ಒರಗಿಸಿ ಪಕ್ಕದಿಂದ ಬೆಳಕು ಬಿಡಿ. ಹಗಲಲ್ಲಿ ಕಾಣದ ಗುಂಡಿ, ಉಬ್ಬು, ಕೂದಲೆಳೆ ಬಿರುಕು ಎಲ್ಲ ಎದ್ದು ನಿಲ್ಲುತ್ತವೆ. ಪೆನ್ಸಿಲ್‌ನಿಂದ ಸುತ್ತು ಹಾಕುತ್ತಾ ಹೋಗಿ. ನನ್ನ ಹುಡುಗರಿಗೆ ನಾನು ಮೊದಲು ಕಲಿಸುವ ಪಾಠ ಇದೇ.

ಎಲ್ಲಾದರೂ ಕಪ್ಪು ಬೂಷ್ಟು ಇದ್ದರೆ ಬ್ಲೀಚಿಂಗ್ ಪೌಡರ್ ಕರಗಿಸಿದ ನೀರು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಉಜ್ಜಿ, ಚೆನ್ನಾಗಿ ತೊಳೆದು ಒಣಗಿಸಿ. ಕೈಗೆ ಗ್ಲೌಸ್ ಇರಲಿ, ಕಿಟಕಿ ತೆರೆದಿರಲಿ. ಅದರ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಯಾವ ಕಾರಣಕ್ಕೂ ಸೇರಿಸಬೇಡಿ. ವಿಷದ ಗಾಳಿ ಏಳುತ್ತದೆ.

ತೂತು, ಬಿರುಕಿಗೆ ಪುಟ್ಟಿ ಹಾಕುವಾಗ ತುಂಬಾ ಜನ ತಪ್ಪುತ್ತಾರೆ. ಅಂಗಡಿಯಲ್ಲಿ ಸಿಗುವ ಬಿಳಿ ಸಿಮೆಂಟಿನ ಪುಟ್ಟಿ ಹೊಸ ಪ್ಲಾಸ್ಟರ್‌ಗೆ ಮಾಡಿದ್ದು. ಹಳೆ ಎಮಲ್ಷನ್ ಮೇಲೆ ಅದು ಸರಿಯಾಗಿ ಹಿಡಿಯುವುದಿಲ್ಲ. ನಿಮಗೆ ಬೇಕಾದ್ದು ಕಲಸಿಯೇ ಬರುವ ಅಕ್ರಿಲಿಕ್ ಪುಟ್ಟಿ. ಒಂದು ಕೆಜಿ ಡಬ್ಬ ಒಂದು ಕೋಣೆಯ ತೇಪೆಗೆ ಸಾಮಾನ್ಯವಾಗಿ ಸಾಕಾಗುತ್ತದೆ. ಬಿರುಕನ್ನು ಸ್ಕ್ರೇಪರ್ ಮೂಲೆಯಿಂದ ಸ್ವಲ್ಪ ಅಗಲ ಮಾಡಿ, ಧೂಳು ತೆಗೆದು, ಆಮೇಲೆ ಪುಟ್ಟಿಯನ್ನು ಒತ್ತಿ ತುಂಬಿ. ಒಂದೇ ಸಲ ದಪ್ಪ ಮೆತ್ತಿದರೆ ಒಣಗುವಾಗ ಮತ್ತೆ ಸೀಳುತ್ತದೆ. ತೆಳ್ಳಗೆ ಎರಡು ಸಲ ಹಾಕಿ, ನಡುವೆ ನಾಲ್ಕು ಗಂಟೆಯಾದರೂ ಬಿಡಿ.

ಆ ನಾಲ್ಕು ಗಂಟೆ ಸುಮ್ನೆ ಕೂರಬೇಡಿ, ಉಳಿದ ಗೋಡೆ ಉಜ್ಜಿ. ಉಪ್ಪು ಕಾಗದ 180 ನಂಬರಿನದು ಹಿಡಿದು, ಮರದ ತುಂಡಿಗೆ ಸುತ್ತಿ, ಇಡೀ ಗೋಡೆಯನ್ನು ಹಗುರಾಗಿ ಉಜ್ಜಬೇಕು. ಹಳೆ ಬಣ್ಣ ತೆಗೆಯುವುದು ಇದರ ಉದ್ದೇಶ ಅಲ್ಲ. ಅದರ ನುಣುಪು ಮುರಿದು ಹೊಸ ಬಣ್ಣಕ್ಕೆ ಹಿಡಿತ ಸಿಗುವ ಹಾಗೆ ಮಾಡುವುದು. ಪುಟ್ಟಿ ಒಣಗಿದ ಮೇಲೆ ಅದನ್ನು ಇನ್ನೂ ನಯವಾದ 220 ನಂಬರಿನ ಕಾಗದದಿಂದ ಉಜ್ಜಿ. ಕಣ್ಣು ಮುಚ್ಚಿ ಬೆರಳಾಡಿಸಿದಾಗ ಎಲ್ಲಿ ತೇಪೆ ಅಂತ ಗೊತ್ತಾಗಬಾರದು. ಎನ್95 ಮಾಸ್ಕ್ ಹಾಕಿಕೊಳ್ಳಿ. ಕೊನೆಗೆ ಒದ್ದೆ ಬಟ್ಟೆ ಹಿಂಡಿ ಇಡೀ ಗೋಡೆಯ ಧೂಳು ಒರೆಸಿ. ಕೈ ನೋವು ಬರುವುದು ಈ ದಿನವೇ, ನಾಳೆಯ ಕೆಲಸ ಇದರ ಮುಂದೆ ಹಗುರ.

ಇಲ್ಲಿ ನಿಮ್ಮ ಮಗಳ ಸಲುವಾಗಿ ಒಂದು ಮುಖ್ಯ ಮಾತು. ಬಾಗಿಲು, ಕಿಟಕಿ, ಗ್ರಿಲ್‌ಗಳ ಹಳೆಯ ಆಯಿಲ್ ಪೇಂಟನ್ನು ಒಣಗಿದ್ದಾಗ ಉಜ್ಜಬೇಡಿ, ಕೆರೆಯಬೇಡಿ, ಬೆಂಕಿಯಿಂದ ಸುಡಬೇಡಿ. ನಿಮ್ಮ ಮನೆ 1996ರದ್ದು. ಆ ಕಾಲದ ಆಯಿಲ್ ಪೇಂಟ್‌ಗಳಲ್ಲಿ ಸೀಸ ಬೆರೆಯುವುದು ಸಾಮಾನ್ಯವಾಗಿತ್ತು. ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ದಾಟಬಾರದು ಅನ್ನುವ ನಿಯಮವನ್ನು ಕೇಂದ್ರ ಸರ್ಕಾರ ಹೊರಡಿಸಿದ್ದು 2016ರಲ್ಲಿ. ಅದು ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷದ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿ ಜನರನ್ನು ಎಚ್ಚರಿಸಿದವರು. ಸೀಸದ ಧೂಳು ಮಕ್ಕಳ ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ನೆಲದ ಮೇಲೆ ಆಡುವ, ಕೈ ಬಾಯಿಗಿಡುವ ವಯಸ್ಸಿನ ಮಗುವಿಗೆ ಅಪಾಯ ಜಾಸ್ತಿ. ಈ ಸಲ ಕಿಟಕಿ, ಬಾಗಿಲನ್ನು ಹಾಗೇ ಬಿಡಿ. ಮುಂದೆ ಮಾಡುವಾಗ ವಾಟರ್ ಪೇಪರ್ (ನೆನೆದರೂ ಹರಿಯದ ಉಪ್ಪು ಕಾಗದ) ಹಿಡಿದು ನೀರು ಹಾಕಿಕೊಂಡೇ ಉಜ್ಜಿಸಿ, ಕೆಸರನ್ನು ಬಟ್ಟೆಯಲ್ಲಿ ಒರೆಸಿ ತೆಗೆಸಿ. ಏನೇ ಆದರೂ ಶುಕ್ರವಾರ ರಾತ್ರಿಯಿಂದ ಮಗಳನ್ನು ಅಜ್ಜಿ ಮನೆಗೋ ನೆಂಟರ ಮನೆಗೋ ಕಳಿಸಿಬಿಡಿ. ಹೆಂಡತಿ ಗರ್ಭಿಣಿ ಆಗಿದ್ದರೆ ಅವರೂ ಈ ಕೆಲಸದಿಂದ ದೂರ ಇರಲಿ.

ಶನಿವಾರ ಸಂಜೆ ಪ್ರೈಮರ್. ಹಳೆ ಎಮಲ್ಷನ್ ಗಟ್ಟಿಯಾಗಿದ್ದರೆ ಇಡೀ ಗೋಡೆಗೆ ಬೇಕಾಗಿಲ್ಲ. ಪುಟ್ಟಿ ಹಾಕಿದ ಕಡೆ, ಪ್ಲಾಸ್ಟರ್ ಕಂಡ ಕಡೆ ಮಾತ್ರ ನೀರಿನ ಪ್ರೈಮರ್ ಹಚ್ಚಿ ರಾತ್ರಿಯೆಲ್ಲ ಒಣಗಲು ಬಿಡಿ. ಇದನ್ನು ಬಿಟ್ಟರೆ ಪುಟ್ಟಿ ಬಣ್ಣವನ್ನು ಹೀರಿಕೊಂಡು ಅಲ್ಲಲ್ಲಿ ಮಂಕು ಚುಕ್ಕೆ ಬೀಳುತ್ತದೆ, ಎಷ್ಟು ಕೋಟ್ ಹೊಡೆದರೂ ಅದು ಇಣುಕುತ್ತದೆ. ಕಡು ಬಣ್ಣದಿಂದ ತಿಳಿ ಬಣ್ಣಕ್ಕೆ ಬರುತ್ತಿದ್ದರೆ ಮಾತ್ರ ಇಡೀ ಗೋಡೆಗೆ ಪ್ರೈಮರ್ ಹೊಡೆಯಿರಿ. ಒಂದು ಕೋಟ್ ಬಣ್ಣ ಉಳಿಯುತ್ತದೆ.

ಭಾನುವಾರ ಬೆಳಿಗ್ಗೆ ಏಳಕ್ಕೆಲ್ಲ ಡಬ್ಬ ತೆರೆಯಿರಿ. ಕೋಲನ್ನು ತಳದವರೆಗೆ ಇಳಿಸಿ ಐದು ನಿಮಿಷ ಕಲಸಿ. ನೀರು ಎಷ್ಟು ಅನ್ನುವುದು ಡಬ್ಬದ ಮೇಲೇ ಬರೆದಿರುತ್ತದೆ, ಒಂದೊಂದು ಬಣ್ಣಕ್ಕೂ ಬೇರೆ ಬೇರೆ. ಅಳತೆಯ ಮಗ್ ಇಟ್ಟುಕೊಂಡು ಎರಡೂ ಕೋಟ್‌ಗೆ ಅದರಂತೆಯೇ ಬೆರೆಸಿ. ಇನ್ನೊಂದು ಗೋಡೆಗೆ ಬರಲಿ ಅಂತ ಒಂದು ಮಗ್ ಜಾಸ್ತಿ ನೀರು ಸುರಿದರೆ ಬಣ್ಣ ಸೋರುತ್ತದೆ, ಮುಚ್ಚುವ ಗುಣವೂ ಹೋಗುತ್ತದೆ. ಕಲಸಿದ ಮೇಲೆ ಹಳೆ ತೆಳು ಸೀರೆ ಬಟ್ಟೆಯಲ್ಲಿ ಸೋಸಿಕೊಳ್ಳಿ. ಕೆನೆಯ ಚೂರು, ಕಸ ಎಲ್ಲ ಅಲ್ಲೇ ನಿಲ್ಲುತ್ತದೆ. ಹೊಸ ರೋಲರ್ ಆದರೆ ಅದರ ಮೇಲೆ ಟೇಪ್ ಸುತ್ತಿ ಕಿತ್ತರೆ ಸಡಿಲ ಎಳೆಗಳು ಬಂದುಬಿಡುತ್ತವೆ.

ಸೀಲಿಂಗ್ ಮೊದಲು, ಗೋಡೆ ಆಮೇಲೆ. ರೋಲರ್‌ಗೆ ಉದ್ದ ಕೋಲು ಸಿಕ್ಕಿಸಿಕೊಂಡರೆ ಏಣಿ ಹತ್ತಿ ಇಳಿಯುವುದು ಕಮ್ಮಿ. ಗೋಡೆಗೆ ಇಬ್ಬರು ಬೇಕು, ನೀವು ಇಬ್ಬರಿದ್ದೀರಿ. ಒಬ್ಬರು ಎರಡಿಂಚಿನ ಬ್ರಷ್ ಹಿಡಿದು ಮೂಲೆ, ಸೀಲಿಂಗ್ ಅಂಚು, ಸ್ವಿಚ್ ಬೋರ್ಡ್ ಸುತ್ತ ಬಳಿಯುತ್ತಾ ಮುಂದೆ ಹೋಗಲಿ. ಇನ್ನೊಬ್ಬರು ಆ ಅಂಚು ಒಣಗುವ ಮೊದಲೇ 9 ಇಂಚಿನ ರೋಲರ್ ಹಿಡಿದು ಹಿಂದೆಯೇ ಬರಲಿ. ಬ್ರಷ್‌ನ ಬಣ್ಣ ಒಣಗಿದ ಮೇಲೆ ರೋಲರ್ ತಾಗಿದರೆ ಚೌಕಟ್ಟು ಹಾಕಿದ ಹಾಗೆ ಗೆರೆ ಬೀಳುತ್ತದೆ. ಮೂರಡಿ ಅಗಲದ ಜಾಗದಲ್ಲಿ ಓರೆಯಾಗಿ ಮೇಲೆ ಕೆಳಗೆ ಆಡಿಸಿ ಬಣ್ಣ ಹರಡಿ. ಕೊನೆಗೆ ರೋಲರನ್ನು ಒತ್ತದೆ, ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಎಳೆದು ಬಿಡಿ. ಗೋಡೆ ಅರ್ಧ ಆದಾಗ ಕಾಫಿಗೆ ಇಳಿಯಬೇಡಿ. ಶುರು ಮಾಡಿದ ಗೋಡೆಯನ್ನು ಮೂಲೆಯಿಂದ ಮೂಲೆಗೆ ಮುಗಿಸಿಯೇ ನಿಲ್ಲಬೇಕು. ಅರೆ ಒಣಗಿದ ಜಾಗಕ್ಕೆ ವಾಪಸ್ ಹೋಗಿ ತಿದ್ದುವುದೂ ಬೇಡ. ಬಿಟ್ಟುಹೋದದ್ದನ್ನು ಎರಡನೇ ಕೋಟ್ ಮುಚ್ಚುತ್ತದೆ.

ಮೊದಲ ಕೋಟ್ ಒಣಗಿದಾಗ ಗೋಡೆ ತೇಪೆ ತೇಪೆಯಾಗಿ ಕಾಣುತ್ತದೆ. ಹೊಸಬರು ಇಲ್ಲೇ ಗಾಬರಿಯಾಗುವುದು. ಅದು ಹಾಗೇ ಇರುವುದು, ಹೆದರಬೇಡಿ. ಕನಿಷ್ಠ ನಾಲ್ಕು ಗಂಟೆ ಬಿಡಿ. ಮೋಡ ಕವಿದು ಗಾಳಿ ತೇವವಾಗಿದ್ದರೆ ಆರು ಗಂಟೆ. ಹೊರಗೆ ಜಡಿ ಮಳೆ ಹಿಡಿದಿದ್ದರೆ ಎರಡನೇ ಕೋಟ್ ಅನ್ನು ಇನ್ನೊಂದು ದಿನಕ್ಕೆ ಮುಂದೂಡಿ, ಏನೂ ಕೆಡುವುದಿಲ್ಲ. ಮಾಸ್ಕಿಂಗ್ ಟೇಪ್ ಹಚ್ಚಿದ್ದರೆ ಕೊನೆಯ ಕೋಟ್ ಇನ್ನೂ ಹಸಿಯಾಗಿರುವಾಗಲೇ ಓರೆಯಾಗಿ ಎಳೆದು ತೆಗೆಯಿರಿ. ಪೂರ್ತಿ ಒಣಗಿದ ಮೇಲೆ ಎಳೆದರೆ ಅಂಚಿನ ಬಣ್ಣವೂ ಕಿತ್ತು ಬರುತ್ತದೆ.

ಭಾನುವಾರ ರಾತ್ರಿ ಆ ಕೋಣೆಯಲ್ಲಿ ಯಾರೂ ಮಲಗುವುದು ಬೇಡ. ನೀರಿನ ಬಣ್ಣ ಆದರೂ ವಾಸನೆ ಕೆಲವು ದಿನ ಇರುತ್ತದೆ. ಕಿಟಕಿ ತೆರೆದಿಟ್ಟು ಗಾಳಿಯಾಡಲು ಬಿಡಿ, ವಾಸನೆ ಹೋದ ಮೇಲೆ ಮಗಳ ಹಾಸಿಗೆ ಒಳಗೆ ತನ್ನಿ. ಮುಟ್ಟಿದರೆ ಒಣಗಿದಂತೆ ಕಂಡರೂ ಬಣ್ಣ ಪೂರ್ತಿ ಗಟ್ಟಿಯಾಗಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಗೋಡೆಯನ್ನು ಒದ್ದೆ ಬಟ್ಟೆಯಿಂದ ಉಜ್ಜಬೇಡಿ, ಬೀರುವನ್ನು ಅದಕ್ಕೆ ಒತ್ತಿ ನಿಲ್ಲಿಸಬೇಡಿ. ಬ್ರಷ್, ರೋಲರ್‌ಗಳನ್ನು ಬಕೆಟ್ ನೀರಿನಲ್ಲಿ ತೊಳೆಯಿರಿ, ಉಳಿದ ಬಣ್ಣವನ್ನು ಮೋರಿಗೆ ಸುರಿಯಬೇಡಿ. ಖಾಲಿ ಡಬ್ಬಗಳನ್ನು ಹಸಿ ಕಸ, ಒಣ ಕಸದ ಜೊತೆ ಸೇರಿಸದೆ ಬೇರೆಯಾಗಿ ಕೊಡಿ.

ಉಳಿದ ಗೋಡೆ ಬಣ್ಣವನ್ನು ಚಿಕ್ಕ ಡಬ್ಬಕ್ಕೆ ತುಂಬಿ, ಗಟ್ಟಿಯಾಗಿ ಮುಚ್ಚಿ, ಮೇಲೆ ಶೇಡ್ ನಂಬರ್, ತಾರೀಕು, ಯಾವ ಕೋಣೆ ಅಂತ ಬರೆದಿಡಿ. ಮಗಳು ಗೋಡೆಯ ಮೇಲೆ ಕ್ರೇಯಾನ್ ಹಿಡಿದ ದಿನ ಅದು ಬೇಕಾಗುತ್ತದೆ.

ಇನ್ನು ಬಾತ್‌ರೂಮ್ ಪಕ್ಕದ ಗೋಡೆ. ರಿಪೇರಿ ಆಗಿ ಒಂದು ತಿಂಗಳ ಮೇಲೆ, ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಅಲ್ಲಿ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಎರಡು ದಿನ ಬಿಡಿ. ತೆಗೆದಾಗ ಗೋಡೆ ಕಡೆಯ ಮುಖದಲ್ಲಿ ಹನಿ ನಿಂತಿದ್ದರೆ ಒಳಗೆ ಇನ್ನೂ ನೀರಿದೆ, ಮತ್ತೆ ಕಾಯಿರಿ. ಹಾಳೆ ಒಣಗಿದ್ದರೆ ಕೆರೆದ ಜಾಗಕ್ಕೆ ಪ್ರೈಮರ್, ಪುಟ್ಟಿ, ಅದರ ಮೇಲೆ ಇನ್ನೊಮ್ಮೆ ಪ್ರೈಮರ್ ಹಾಕಿ, ಆ ಗೋಡೆಯನ್ನು ಮೂಲೆಯಿಂದ ಮೂಲೆಗೆ ಪೂರ್ತಿ ಬಳಿಯಿರಿ. ಮೊಣಕಾಲೆತ್ತರಕ್ಕೆ ಮಾತ್ರ ಬಳಿದರೆ ಹೊಸ ಬಣ್ಣ ಹಳೆಯದರ ಪಕ್ಕ ಬೇರೆಯಾಗಿ ಕಾಣುತ್ತದೆ.